ಫ್ಲುಯೊ-4ರಿಂದ ಫ್ಯೂರಾ-2ಕ್ಕೆ: ಕೋಶದೊಳಗಿನ ಕ್ಯಾಲ್ಸಿಯಂ ಅಳೆಯುವ ಕೆಲಸ ಎಲ್ಲಿಗೆ ಬಂತು

ಹೀಲಾ ಕೋಶಗಳ (ಪ್ರಯೋಗಾಲಯದಲ್ಲಿ ಬೆಳೆಸುವ ಮಾನವ ಕೋಶಗಳು) ಮೇಲೆ ಹಿಸ್ಟಮಿನ್ ಎಂಬ ಸಂಕೇತ ರಾಸಾಯನಿಕ ಹಾಕಿದರೆ, ಕ್ಯಾಲ್ಸಿಯಂ ಅಂಟಿದಾಗ ಹೊಳೆಯುವ ಡೈ ಫ್ಲುಯೊ-4ರ ಹಸಿರು ಬೆಳಕು ಥಟ್ಟನೆ ಏರುತ್ತದೆ. ಇಷ್ಟು ನೋಡುವುದು ಈಗ ಸಲೀಸಾಗಿದೆ. ಆದರೆ ಬೆಳಕು ಎಷ್ಟು ಏರಿತು ಅನ್ನುವುದು ಬೇರೆ, ಕ್ಯಾಲ್ಸಿಯಂ ಎಷ್ಟು ಏರಿತು ಅನ್ನುವುದು ಬೇರೆ. ನನಗೆ ಬೇಕಿರುವುದು ಎರಡನೆಯದು, ಅದೂ ನ್ಯಾನೋಮೋಲಾರ್ (ಲೀಟರಿಗೆ ಮೋಲ್‌ನ ನೂರು ಕೋಟಿಯಲ್ಲೊಂದು ಭಾಗ) ಲೆಕ್ಕದಲ್ಲಿ. ಅದಕ್ಕೇ ಫ್ಯೂರಾ-2 ಎಂಬ ಇನ್ನೊಂದು ಡೈಗೆ ಬದಲಾಯಿಸಿದ್ದೇನೆ.

ಫ್ಲುಯೊ-4 ಕೆಟ್ಟ ಡೈ ಅಂತಲ್ಲ. ಕ್ಯಾಲ್ಸಿಯಂ ಸಿಕ್ಕಾಗ ಅದು ಹೊಳೆಯುವ ರೀತಿ ನೋಡಿಯೇ ತಿಳಿಯಬೇಕು. ತೊಂದರೆ ಏನೆಂದರೆ, ಕೋಶ ದಪ್ಪಗಿದ್ದರೂ ಬೆಳಕು ಜಾಸ್ತಿ, ಅದರಲ್ಲಿ ಡೈ ಹೆಚ್ಚು ಸೇರಿದ್ದರೂ ಬೆಳಕು ಜಾಸ್ತಿ. ಅಕ್ಕಪಕ್ಕದ ಎರಡು ಕೋಶಗಳನ್ನು ಹೋಲಿಸಲು ಹೋದರೆ ಯಾವುದನ್ನು ನಂಬುವುದು?

1985ರಲ್ಲಿ ರೋಜರ್ ಚೆನ್ ಅವರ ತಂಡ ಪ್ರಕಟಿಸಿದ ಫ್ಯೂರಾ-2 ಇದಕ್ಕೆ ದಾರಿ ಕೊಡುತ್ತದೆ. ಕ್ಯಾಲ್ಸಿಯಂ ಅಂಟಿದಾಗ 340 ನ್ಯಾನೋಮೀಟರ್ ತರಂಗಾಂತರದ ಬೆಳಕಿಗೆ ಬರುವ ಹೊಳಪು ಏರುತ್ತದೆ, 380ಕ್ಕೆ ಬರುವುದು ಇಳಿಯುತ್ತದೆ. ಎರಡೂ ಸಲ ನೋಡುವುದು 510ರ ಸುತ್ತಲಿನ ಬೆಳಕನ್ನೇ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಡೈ ಎಷ್ಟಿದೆ, ಕೋಶ ಎಷ್ಟು ದಪ್ಪ ಅನ್ನುವುದೆಲ್ಲ ಬಹುಪಾಲು ಕಳೆದುಹೋಗುತ್ತದೆ. ನಡುವೆ 360ರ ಹತ್ತಿರ ಕ್ಯಾಲ್ಸಿಯಂ ಬದಲಾದರೂ ಹೊಳಪು ಬದಲಾಗದ ಒಂದು ಜಾಗವಿದೆ. ಅಲ್ಲಿ ಬೆಳಕು ಮೆಲ್ಲಗೆ ಇಳಿಯುತ್ತಿದ್ದರೆ ಡೈ ಸೋರುತ್ತಿದೆ ಅಥವಾ ಸುಟ್ಟುಹೋಗುತ್ತಿದೆ ಎಂದರ್ಥ. ನಾನು ಪ್ರತಿ ರನ್‌ನಲ್ಲೂ ಅದನ್ನೊಮ್ಮೆ ನೋಡುತ್ತೇನೆ.

ಡೈ ಒಳಗೆ ತುಂಬಿಸುವುದು ಅರ್ಧ ಕೆಲಸ. ಫ್ಯೂರಾ-2ಕ್ಕೆ ಋಣ ಚಾರ್ಜ್ ಇರುವುದರಿಂದ ಅದು ತಾನಾಗಿ ಕೋಶದ ಪೊರೆ ದಾಟುವುದಿಲ್ಲ. ಎಎಮ್ (ಅಸಿಟಾಕ್ಸಿಮಿಥೈಲ್) ಎಸ್ಟರ್ ರೂಪದಲ್ಲಿ ಆ ಚಾರ್ಜುಗಳನ್ನು ಮುಚ್ಚಿದರೆ ಸುಲಭವಾಗಿ ಒಳನುಗ್ಗುತ್ತದೆ. ಒಳಗಿನ ಎಸ್ಟರೇಸ್ ಕಿಣ್ವಗಳು ಆ ಮುಚ್ಚಳ ಕತ್ತರಿಸಿದ ಮೇಲೆ ಡೈಗೆ ಸುಲಭವಾಗಿ ಹೊರಗೆ ಬರಲು ಆಗುವುದಿಲ್ಲ. ನೀರಿನಲ್ಲಿ ಎಎಮ್ ರೂಪ ಸರಿಯಾಗಿ ಕರಗದು, ಹಾಗಾಗಿ ಸ್ವಲ್ಪ ಪ್ಲುರಾನಿಕ್ ಎಫ್-127 ಎಂಬ ಸೌಮ್ಯ ಡಿಟರ್ಜೆಂಟ್ ಬೇಕೇ ಬೇಕು. 37 ಡಿಗ್ರಿಯಲ್ಲಿ ತುಂಬಿಸಿದರೆ ಡೈ ಕೋಶದೊಳಗಿನ ಸಣ್ಣ ಚೀಲಗಳಿಗೂ ಸೇರಿ ಚಿತ್ರ ಚುಕ್ಕೆಚುಕ್ಕೆಯಾಗುತ್ತದೆ. ಕೋಣೆಯ ಉಷ್ಣತೆಯಲ್ಲಿ ತುಂಬಿಸಿದಾಗ ಬಣ್ಣ ಸಮನಾಗಿ ಹರಡುತ್ತಿದೆ. ಆಮೇಲೆ ತೊಳೆದು, ಉಳಿದ ಎಸ್ಟರ್ ಪೂರ್ತಿ ಕತ್ತರಿಸಿಹೋಗಲು ಅರ್ಧ ಗಂಟೆ ಸುಮ್ನೆ ಬಿಡುತ್ತೇನೆ. ಡೈ ಜಾಸ್ತಿ ತುಂಬಿಸುವ ಆಸೆ ಬರುತ್ತದೆ, ಚಿತ್ರ ಚೆನ್ನಾಗಿ ಕಾಣುತ್ತದಲ್ವಾ! ಆದರೆ ಡೈ ತಾನೇ ಕ್ಯಾಲ್ಸಿಯಂ ಹಿಡಿಯುವ ವಸ್ತು. ಜಾಸ್ತಿಯಾದರೆ ನಾವು ಅಳೆಯಬೇಕಾದ ಏರಿಕೆಯನ್ನೇ ಅದು ತಗ್ಗಿಸುತ್ತದೆ. ಮಂಕಾದ ಚಿತ್ರವೇ ವಾಸಿ.

ಹಿಸ್ಟಮಿನ್ ಪರೀಕ್ಷೆ ಈಗ ಎರಡು ಬಗೆಯಲ್ಲಿ ನಡೆಯುತ್ತಿದೆ. ಹೊರಗಿನ ದ್ರಾವಣದಲ್ಲಿ ಕ್ಯಾಲ್ಸಿಯಂ ಇದ್ದರೆ ರೇಷಿಯೊ (340ರ ಹೊಳಪನ್ನು 380ರ ಹೊಳಪಿನಿಂದ ಭಾಗಿಸಿದ್ದು) ಮೊದಲು ಚೂಪಾಗಿ ಏರಿ, ಸ್ವಲ್ಪ ಇಳಿದು, ಅಲ್ಲೇ ನಿಲ್ಲುತ್ತದೆ. ಕ್ಯಾಲ್ಸಿಯಂ ತೆಗೆದು, ಉಳಿದದ್ದನ್ನು ಹಿಡಿದಿಡುವ ಇಜಿಟಿಎ ಹಾಕಿದರೆ ಮೊದಲ ಏರಿಕೆ ಹಾಗೇ ಬರುತ್ತದೆ, ನಿಲ್ಲುವ ಭಾಗ ಮಾತ್ರ ಮಾಯ. ಅಂದರೆ ಮೊದಲ ಏರಿಕೆ ಕೋಶದೊಳಗಿನ ಇಆರ್ (ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಜಾಲ) ಸಂಗ್ರಹದಿಂದ, ಐಪಿ3 ಎಂಬ ಸಂದೇಶವಾಹಕ ಅಣುವಿನ ಮೂಲಕ ಬರುವುದು. ಆಮೇಲಿನದಕ್ಕೆ ಹೊರಗಿನ ಕ್ಯಾಲ್ಸಿಯಂ ಬೇಕು. ಇದುವರೆಗೆ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಗ್ರಾಫ್ ಇದೇ.

ಈಗ ಕ್ಯಾಲಿಬ್ರೇಷನ್, ಅಂದರೆ ರೇಷಿಯೊವನ್ನು ನ್ಯಾನೋಮೋಲಾರ್ ಲೆಕ್ಕಕ್ಕೆ ಬದಲಿಸುವ ಕೆಲಸ. ಪೊರೆಯ ಮೂಲಕ ಕ್ಯಾಲ್ಸಿಯಂ ಸಾಗಿಸುವ ಅಯೊನೊಮೈಸಿನ್ ಜೊತೆ ಕ್ಯಾಲ್ಸಿಯಂ ಹಾಕಿದರೆ ಗರಿಷ್ಠ ರೇಷಿಯೊ ಬೇಗ ಸಿಗುತ್ತದೆ. ಇಜಿಟಿಎ ಹಾಕಿ ಕನಿಷ್ಠಕ್ಕೆ ಇಳಿಸಲು ಮಾತ್ರ ತುಂಬಾ ತಾಳ್ಮೆ ಬೇಕು. 340ರ ಬೆಳಕಿಗೆ ಕೋಶದಲ್ಲೇ ಇರುವ ಅಣು ಎನ್‌ಎಡಿಎಚ್ ಕೂಡ ಹೊಳೆಯುವುದರಿಂದ, ಡೈ ಇಲ್ಲದ ಕೋಶಗಳ ಬೆಳಕನ್ನು ಮೊದಲೇ ಕಳೆಯಬೇಕು. ಸೂತ್ರಕ್ಕೆ ಹಾಕುವ ಕೆಡಿಯೂ (ಡೈಯ ಅರ್ಧಭಾಗಕ್ಕೆ ಕ್ಯಾಲ್ಸಿಯಂ ಅಂಟುವ ಸಾಂದ್ರತೆ) ಉಷ್ಣತೆ ನೋಡಿ ಬದಲಾಗುತ್ತದೆ: 37 ಡಿಗ್ರಿಯಲ್ಲಿ 224 ನ್ಯಾನೋಮೋಲಾರ್, ಕೋಣೆಯ ಉಷ್ಣತೆಯಲ್ಲಿ ಸುಮಾರು 140. ಅದೂ ಟ್ಯೂಬಿನಲ್ಲಿ ಅಳೆದದ್ದು, ಪ್ರೋಟೀನ್ ತುಂಬಿದ ಕೋಶದೊಳಗೆ ಅದೇ ಇರಬೇಕೆಂದಿಲ್ಲ. ವಿಶ್ರಾಂತ ಕೋಶದಲ್ಲಿ 100 ನ್ಯಾನೋಮೋಲಾರ್ ಆಸುಪಾಸು ಬರಬೇಕು. ಆ ಸಂಖ್ಯೆ ಸ್ಥಿರವಾಗಿ ಬರುವವರೆಗೆ ಗ್ರಾಫುಗಳಲ್ಲಿ ರೇಷಿಯೊ ಮಾತ್ರ ಹಾಕುತ್ತೇನೆ.

ಮುಂದೆ, ಇಆರ್ ಒಳಗೆ ಕ್ಯಾಲ್ಸಿಯಂ ತುಂಬುವ ಪಂಪನ್ನು ನಿಲ್ಲಿಸುವ ಥಾಪ್ಸಿಗಾರ್ಗಿನ್‌ನಿಂದ ಇಆರ್ ಖಾಲಿ ಮಾಡಿ, ಹೊರಗಿನ ಕ್ಯಾಲ್ಸಿಯಂ ಮತ್ತೆ ಸೇರಿಸಿ, ಒಳಹರಿವನ್ನಷ್ಟೇ ಬೇರೆಯಾಗಿ ನೋಡುವುದಿದೆ.