ರವದಿ ಹೊಗೆ ಮೀಟರ್: ಮಂಜಿನ ಕಾಟ ಕೊನೆಗೂ ತಪ್ಪಿತು

ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಎಲೆಗೆ ನಾವು ರವದಿ ಎನ್ನುತ್ತೇವೆ. ಅದನ್ನು ಸುಟ್ಟಾಗ ಏಳುವ ಹೊಗೆ ಅಳೆಯಲು ಒಂದು ಮೀಟರ್ ಮಾಡಿದ್ದೇನೆ, ಆದರೆ ಅದು ಮಂಜನ್ನೂ ಹೊಗೆ ಎಂದೇ ತೋರಿಸುತ್ತಿತ್ತು. ಕೊನೆಗೂ ದಾರಿ ಸಿಕ್ಕಿತು. ಈ ವಾರ ದಟ್ಟ ಮಂಜು ಬಿದ್ದ ಒಂದು ಮುಂಜಾನೆ, ಪಕ್ಕಪಕ್ಕ ಇಟ್ಟ ಎರಡು ಸೆನ್ಸರ್‌ಗಳಲ್ಲಿ ಪೈಪಿಲ್ಲದ ಸೆನ್ಸರ್ ಘನ ಮೀಟರ್ ಗಾಳಿಗೆ 300 ಮೈಕ್ರೋಗ್ರಾಂ ಕಣದ ಹತ್ತಿರ ತೋರಿಸುತ್ತಿತ್ತು, ಗಾಳಿ ಒಣಗಿಸುವ ಬಿಸಿ ಪೈಪು ಹಾಕಿದ್ದು 50 ದಾಟಲಿಲ್ಲ. ಅದೇ ಸಂಜೆ ಹಳ್ಳದ ಆಚೆ ಯಾರೋ ರವದಿಗೆ ಬೆಂಕಿ ಕೊಟ್ಟರು. ಆಗ ಎರಡೂ ಜೊತೆಯಾಗಿ ಮೇಲೆ ಹೋದವು. ಮಂಜಿಗೆ ಸುಮ್ಮನಿರಬೇಕು, ಹೊಗೆಗೆ ಏರಬೇಕು. ನನಗೆ ಬೇಕಾಗಿದ್ದು ಇಷ್ಟೇ.

ಡಬ್ಬಿ, ಸೋಲಾರ್, ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಎಸ್‌ಡಿ ಕಾರ್ಡು ಇವುಗಳ ವಿವರ ಇಲ್ಲಿ ಬಿಟ್ಟುಬಿಡುತ್ತೇನೆ. ಸೆನ್ಸರ್ ಎರಡೂ ಗಾಳಿಯ ಸಣ್ಣ ಕಣ ಅಳೆಯುವ ಪಿಎಂಎಸ್5003. ಜಾಗ ನಮ್ಮ ಅಥಣಿ ಕಡೆಯ ಕಬ್ಬಿನ ಹೊಲ, ಕಟಾವು ನಡೆದಿರುವ ಸಮಯ. ಕಟಾವಾದ ಮೇಲೆ ಹೊಲದ ತುಂಬ ಒಣ ರವದಿ, ಹೆಕ್ಟೇರಿಗೆ 8ರಿಂದ 10 ಟನ್ ಬೀಳುತ್ತದೆ. ಕುಳೆ (ಕಡಿದ ಬುಡದಿಂದ ಬರುವ ಮರುಬೆಳೆ) ಬೇಗ ಚಿಗುರಲಿ, ನೀರು ಬಿಡಲು ಅಡ್ಡಿಯಾಗದಿರಲಿ, ಎತ್ತಲು ಆಳು ಸಿಗುವುದಿಲ್ಲ ಎಂದು ಸಂಜೆ ಹೊತ್ತಿಗೆ ಕಡ್ಡಿ ಗೀರುತ್ತಾರೆ. ಪಂಜಾಬಿನ ಭತ್ತದ ಹುಲ್ಲಿನ ಹೊಗೆ ಪ್ರತಿ ವರ್ಷ ಟಿವಿಯಲ್ಲಿ ಬರುತ್ತದೆ, ದೆಹಲಿ ಹತ್ತಿರ ಇದೆಯಲ್ಲ. ನಮ್ಮ ರವದಿ ಹೊಗೆಯ ಲೆಕ್ಕ ಯಾರೂ ಕೇಳುವುದಿಲ್ಲ. ಅದಕ್ಕೇ ಈ ಡಬ್ಬಿ.

ಕಾಟ ಶುರುವಾಗಿದ್ದು ಮಂಜಿನಿಂದ. ಯಾರೂ ಏನೂ ಸುಡದ ಮುಂಜಾನೆ ಮೀಟರ್ ಕೆಂಪು ದೀಪ ಹಚ್ಚಿಕೊಂಡು ಕೂರುತ್ತಿತ್ತು. ನಮ್ಮ ಕಾಕಾ ನೋಡಿ, "ಅಲ್ಲೋ ತಮ್ಮಾ, ಯಾರೂ ಬೆಂಕಿ ಹಚ್ಚಿಲ್ಲ, ನಿನ್ನ ಡಬ್ಬಿ ಯಾಕ ಒದರಾಕತ್ತೈತಿ?" ಎಂದರು. ನ್ಯಾಯವಾದ ಪ್ರಶ್ನೆ. ಮುಂಜಾನೆ ಸುಳ್ಳು ಹೇಳುವ ಯಂತ್ರ ಸಂಜೆ ನಿಜ ಹೇಳಿದರೂ ರೈತರು ಯಾಕೆ ನಂಬಬೇಕು? ಲೆಕ್ಕವೂ ಕೆಡುತ್ತದೆ. ನಾಲ್ಕು ತಾಸು ಸುಳ್ಳು 300 ಬಂದರೆ ದಿನದ ಸರಾಸರಿಗೆ ಅದೊಂದೇ 50 ಸೇರಿಸುತ್ತದೆ. ಪಿಎಂ 2.5, ಅಂದರೆ 2.5 ಮೈಕ್ರಾನಿಗಿಂತ ಸಣ್ಣ ಕಣಕ್ಕೆ ನಮ್ಮ ದೇಶದ ಮಿತಿಯೇ ದಿನದ ಸರಾಸರಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅದನ್ನು 15 ಎಂದಿದೆ.

ಈ ಸೆನ್ಸರ್ ಕಣವನ್ನು ತೂಗುವುದಿಲ್ಲ. ಲೇಸರ್ ಬೆಳಕು ಎಷ್ಟು ಚದುರಿತು ಎಂದು ನೋಡಿ ಅಂದಾಜು ಹೇಳುತ್ತದೆ, ಅಷ್ಟೇ. ನೀರಿನ ಹನಿಯೂ ಬೆಳಕು ಚದುರಿಸುತ್ತದೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಇದೆ, ನನಗೆ ಇಡೀ ಪ್ರಾಜೆಕ್ಟಿನಲ್ಲಿ ಅತಿ ಹಿಡಿಸಿದ್ದೂ ಅದೇ. ಹೊಲಕ್ಕೆ ಎರಚಿದ ಯೂರಿಯಾದಿಂದ, ಕೊಟ್ಟಿಗೆಯ ಸಗಣಿ ಗಂಜಲದಿಂದ ಅಮೋನಿಯಾ ಏಳುತ್ತದೆ. ಅದು ಗಾಳಿಯಲ್ಲಿ ವಾಹನ, ಚಿಮಣಿಗಳಿಂದ ಹುಟ್ಟಿದ ಆಮ್ಲಗಳ ಜೊತೆ ಸೇರಿ ಅಮೋನಿಯಂ ನೈಟ್ರೇಟ್, ಅಮೋನಿಯಂ ಸಲ್ಫೇಟ್ ಎಂಬ ಉಪ್ಪಿನ ಕಣಗಳಾಗುತ್ತವೆ. ಇವೂ ಪಿಎಂ 2.5. ಅಂದರೆ ಬೆಂಕಿ ಹಚ್ಚದ ರೈತನ ಹೊಲದಿಂದಲೂ ಸಣ್ಣ ಕಣ ಹುಟ್ಟುತ್ತದೆ, ಹೊಗೆ ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಈ ಉಪ್ಪುಗಳು ತೇವ ಹೀರುತ್ತವೆ. 25 ಡಿಗ್ರಿಯಲ್ಲಿ ನೈಟ್ರೇಟ್ ಸುಮಾರು 62% ತೇವಾಂಶಕ್ಕೆ ಕರಗಿ ಹನಿಯಾಗುತ್ತದೆ, ಸಲ್ಫೇಟ್ 80%ಕ್ಕೆ. ಹನಿಯಾದ ಕಣ ಉಬ್ಬಿ ಸೆನ್ಸರಿಗೆ ದೊಡ್ಡದಾಗಿ ಕಾಣುತ್ತದೆ.

ಮೊದಲು ಲೆಕ್ಕದಲ್ಲೇ ಸರಿಪಡಿಸಲು ನೋಡಿದೆ. ಅಮೆರಿಕದ ಪರಿಸರ ಸಂಸ್ಥೆಯ ಸೂತ್ರ ಹೀಗಿದೆ: ಸೆನ್ಸರ್ ಕೊಡುವ ಸಿಎಫ್1 ಎಂಬ ಅಂಕಿಯನ್ನು 0.524ರಿಂದ ಗುಣಿಸು, ತೇವಾಂಶವನ್ನು 0.0862ರಿಂದ ಗುಣಿಸಿ ಕಳೆ, 5.75 ಕೂಡು. ಮಂಜಿನ 300ಕ್ಕೆ, 95% ತೇವಾಂಶಕ್ಕೆ ಹಾಕಿ ನೋಡಿ. 155 ಬರುತ್ತದೆ. ತೇವಾಂಶದ ಹೆಸರಲ್ಲಿ ಕಳೆದದ್ದು ಬರೀ 8. ಸಾಮಾನ್ಯ ದಿನಕ್ಕೆ ಒಳ್ಳೆಯ ಸೂತ್ರವೇ, ನಾನೂ ಬಳಸುತ್ತೇನೆ, ಆದರೆ ಕೃಷ್ಣೆಯ ದಂಡೆಯ ಮಂಜಿಗೆ ಅದು ಸಾಲದು.

ಹಾಗಾದರೆ ಗಾಳಿಯನ್ನೇ ಒಣಗಿಸಬೇಕು. ಫ್ರಿಜ್ ರಿಪೇರಿ ಅಂಗಡಿಯಿಂದ ತಾಮ್ರದ ಪೈಪು ತಂದೆ, ಹೊರಗೆ 12 ವೋಲ್ಟಿನ ಹೀಟರ್ ಪಟ್ಟಿ. ಈ ಪಟ್ಟಿಯ ಕಥೆ ಹೇಳಲೇಬೇಕು. ಆನ್‌ಲೈನ್ ಅಂಗಡಿಯವರು 12 ವೋಲ್ಟ್ ಎಂದು ಬರೆದು 24 ವೋಲ್ಟಿನದು ಕಳಿಸಿದರು. ವಾಪಸು ತಗೊಳ್ಳಿ ಅಂದರೆ ವಿಡಿಯೊ ಕಳಿಸಿ ಎಂದರು, ವಿಡಿಯೊ ಕಳಿಸಿದರೆ ಪ್ಯಾಕಿಂಗ್ ಬಿಚ್ಚಿದ್ದೀರಿ ಎಂದರು. ಬಿಚ್ಚದೆ ವಿಡಿಯೊ ಮಾಡುವುದು ಹೇಗೆ, ಹೇಳಿ? ಇನ್ನೊಬ್ಬರು ಹೊಸದು ಎಂದು ಕೊಟ್ಟ ಸೆನ್ಸರ್ ಅಲುಗಿಸಿದರೆ ಒಳಗಿಂದ ಧೂಳು ಉದುರುತ್ತಿತ್ತು. ದಯವಿಟ್ಟು ಸೆನ್ಸರ್ ಬಂದ ಕೂಡಲೇ ಎರಡನ್ನೂ ಒಂದೇ ಕೋಣೆಯಲ್ಲಿ ಓಡಿಸಿ ಹೋಲಿಸಿ ನೋಡಿ.

ಪೈಪನ್ನು ಥರ್ಮೋಸ್ಟಾಟ್ ಇಟ್ಟು 50 ಡಿಗ್ರಿಗೆ ಕಾಯಿಸಿದರೆ ಮಂಜು ಪೂರ್ತಿ ಮಾಯ. ಆದರೆ ಅಮೋನಿಯಂ ನೈಟ್ರೇಟ್ ಬಿಸಿಗೆ ಆವಿಯಾಗಿ ಹೋಗುವ ಉಪ್ಪು. ಕಣವನ್ನು ತೂಗುವ ಹಳೆಯ ಟಿಯೋಂ ಯಂತ್ರಗಳೂ 50 ಡಿಗ್ರಿಯಲ್ಲಿ ಓಡಿ ಇದೇ ನೈಟ್ರೇಟನ್ನು ಕಳೆದುಕೊಳ್ಳುತ್ತಿದ್ದವು, ಆಮೇಲೆ 30 ಡಿಗ್ರಿಗೆ ಇಳಿಸಿ ಬೇರೆ ವ್ಯವಸ್ಥೆ ಮಾಡಬೇಕಾಯಿತು. ಹೊಲದ ಗೊಬ್ಬರದಿಂದ ಬಂದ ಕಣವನ್ನು ಅಳೆಯಲು ಹೊರಟ ಯಂತ್ರವೇ ಆ ಕಣವನ್ನು ತಿಂದುಬಿಟ್ಟರೆ ಹೇಗೆ? ಇಲ್ಲೇ ಬಹಳ ಕಾಲ ಸಿಕ್ಕಿಬಿದ್ದಿದ್ದೆ. ಕಾಯಿಸದಿದ್ದರೆ ಮಂಜು ಕಣವಾಗುತ್ತದೆ, ಕಾಯಿಸಿದರೆ ಕಣ ಗಾಳಿಯಾಗುತ್ತದೆ.

ಬಿಡಿಸಿದ್ದು ಇಷ್ಟು: ಡಿಗ್ರಿಯನ್ನು ಹಿಡಿದು ಕೂರುವುದು ಬಿಡಿ, ತೇವಾಂಶವನ್ನು ಹಿಡಿಯಿರಿ. ಗಾಳಿ ಅಳೆಯುವ ಸರ್ಕಾರಿ ಕೇಂದ್ರಗಳಲ್ಲಿರುವ ಬಾಮ್ ಎಂಬ ಕಣ ಮಾಪಕ ಯಂತ್ರದ ಹೀಟರ್ ಕೂಡ ತೇವಾಂಶ ನೋಡಿಯೇ ಏರಿಳಿಯುತ್ತದೆ. 16 ಡಿಗ್ರಿಯ, 95% ತೇವದ ಮುಂಜಾನೆ ಗಾಳಿಯನ್ನು 24 ಡಿಗ್ರಿಗೆ ತಂದರೆ ಸಾಕು, ತೇವಾಂಶ 60%ಕ್ಕಿಂತ ಕೆಳಗೆ ಬರುತ್ತದೆ. ನಾನು 55%ಕ್ಕೆ ಇಟ್ಟಿದ್ದೇನೆ. ಮಧ್ಯಾಹ್ನ ಹೀಟರ್ ತಾನೇ ಆಫ್ ಆಗಿರುತ್ತದೆ, ಬ್ಯಾಟರಿಯೂ ಉಳಿಯುತ್ತದೆ. ಎಸ್‌ಎಚ್‌ಟಿ31 ಎಂಬ ತೇವಾಂಶ ಮಾಪಕವನ್ನು ಪೈಪಿನ ಕೊನೆಯಲ್ಲಿ, ಸೆನ್ಸರ್ ಬಾಯಿಯ ಹತ್ತಿರವೇ ಇಡಿ. ಬೋರ್ಡಿನ ಮೇಲಿಟ್ಟರೆ ಬೋರ್ಡಿನ ಬಿಸಿಯನ್ನೇ ಅಳೆಯುತ್ತದೆ. ಪೈಪು ನೆಟ್ಟಗೆ ನಿಲ್ಲಲಿ, ಬಾಗು ಬೇಡ, ಬಾಗಿದಲ್ಲಿ ಕಣ ಅಂಟುತ್ತದೆ. ಬಾಯಿ ಅಗಲವಿರಲಿ, ಆ ಪುಟ್ಟ ಫ್ಯಾನಿಗೆ ಎಳೆಯುವ ಶಕ್ತಿ ಕಡಿಮೆ. ಪೈಪಿನ ಸುತ್ತ ಫ್ರಿಜ್ ಪೈಪಿನ ಕಪ್ಪು ಫೋಮ್ ಸುತ್ತಿದ ಮೇಲೆ ಹೀಟರ್ ಆನ್ ಆಗುವುದೂ ಕಡಿಮೆಯಾಯಿತು.

ಉಪಗ್ರಹದ ನಕ್ಷೆ ನೋಡಿದರೆ ಸಾಕಲ್ವಾ ಎಂದು ಕೆಲವರು ಕೇಳಿದ್ದೀರಿ. ನಾಸಾದ ಬೆಂಕಿ ನಕ್ಷೆ ನಾನೂ ನೋಡುತ್ತೇನೆ. ಆದರೆ ಬೆಂಕಿ ಗುರುತಿಸುವ, ಉಪಗ್ರಹದಲ್ಲಿರುವ ವೀರ್ಸ್ ಉಪಕರಣ ನಮ್ಮ ತಲೆ ಮೇಲೆ ಹಾದುಹೋಗುವುದು ಮಧ್ಯಾಹ್ನ ಮತ್ತು ರಾತ್ರಿ ಒಂದೂವರೆಯ ಆಸುಪಾಸು. ರವದಿ ಸುಡುವುದು ಗಾಳಿ ನಿಂತ ಸಂಜೆ, ಅರ್ಧ ತಾಸಿನಲ್ಲಿ ಉರಿದು ಮುಗಿಯುತ್ತದೆ. ಚಳಿಗಾಲದಲ್ಲಿ ಆ ಹೊಗೆ ಮೇಲೇರದೆ ಊರ ಮೇಲೇ ಹಾಸಿಕೊಂಡಿರುತ್ತದೆ. ಅದನ್ನು ಹಿಡಿಯಲು ಊರಲ್ಲೇ ಮೀಟರ್ ಬೇಕು.

ಈಗ ಮುಂದಿನ ಪ್ರಾಜೆಕ್ಟು. ಈ ಸಲ ಕಾಕಾ ಅರ್ಧ ಎಕರೆಯಲ್ಲಿ ರವದಿ ಸುಡದೆ, ಒಂದು ಸಾಲು ಬಿಟ್ಟು ಒಂದು ಸಾಲಿಗೆ ಹಾಸಲು ಒಪ್ಪಿದ್ದಾರೆ. ನನಗೆ ಬಹಳ ಸಂತೋಷವಾಗಿದೆ. ನೆಲದ ತೇವ ಉಳಿಯುತ್ತದೆ, ಕಳೆ ಕಡಿಮೆ. ಸುಟ್ಟರೆ ಹೊಗೆಯಾಗಿ ಹೋಗುವ ಸಾರಜನಕವೂ ಹೊಲದಲ್ಲೇ ಉಳಿಯುತ್ತದೆ. ಆದರೆ ರವದಿ ಬೇಗ ಕೊಳೆಯಲಿ ಎಂದು ಅದರ ಮೇಲೆಯೇ ಯೂರಿಯಾ ಎರಚುವ ರೂಢಿ ಇದೆಯಲ್ಲ, ಅದು ನನಗೆ ಚಿಂತೆ. ಯೂರಿಯಾವನ್ನು ಅಮೋನಿಯಾ ಮಾಡುವ ಯೂರಿಯೇಸ್ ಕಿಣ್ವ ಒಣ ಕಸದಲ್ಲಿ ಜಾಸ್ತಿ. ಮೇಲೆ ಎರಚಿ ಇಬ್ಬನಿ ಬಿದ್ದರೆ ಗೊಬ್ಬರ ನೆಲಕ್ಕೆ ಇಳಿಯುವ ಮೊದಲೇ ಹಾರಿಹೋಗುತ್ತದೆ. ಯೂರಿಯಾದ ಬೇವು ಲೇಪನ ಮುಖ್ಯವಾಗಿ ತಡೆಯುವುದು ಅಮೋನಿಯಾ ಆಮೇಲೆ ನೈಟ್ರೇಟ್ ಆಗುವ ಹಂತವನ್ನು, ಈ ಹಾರಾಟವನ್ನಲ್ಲ. ಕಸದ ಕೆಳಗೆ ಮಣ್ಣಲ್ಲಿ ಹೂತಿಟ್ಟರೆ, ಅಥವಾ ಎರಚಿದ ಕೂಡಲೇ ನೀರು ಬಿಟ್ಟರೆ ಉಳಿಯುತ್ತದೆ. ರೈತನ ದುಡ್ಡೂ ಉಳಿಯಿತು, ಗಾಳಿಯೂ ಉಳಿಯಿತು.

ಇದನ್ನು ಅಳೆದು ತೋರಿಸಬೇಕು. ಎಂಕ್ಯು-135 ಎಂಬ ಗ್ಯಾಸ್ ಸೆನ್ಸರ್ ಬೇಡ, ಅದು ತೇವಕ್ಕೂ ಕುಣಿಯುತ್ತದೆ, ಸಿಕ್ಕಸಿಕ್ಕ ಗ್ಯಾಸಿಗೂ ಕುಣಿಯುತ್ತದೆ. ಬಕೆಟ್ ಬೋರಲು ಹಾಕಿ, ಒಳಗೆ ಬೋರಿಕ್ ಆಮ್ಲದ ಬಟ್ಟಲಿಟ್ಟು, ಹಿಡಿದ ಅಮೋನಿಯಾವನ್ನು ಟೈಟ್ರೇಷನ್ ಮಾಡುವ (ಹನಿಹನಿಯಾಗಿ ಆಮ್ಲ ಬೆರೆಸಿ ಅಳೆಯುವ) ಹಳೆಯ ವಿಧಾನವೇ ಸಾಕು. ಮೂರು ಬಕೆಟ್: ಕಸದ ಮೇಲೆ ಎರಚಿದ್ದು, ಮಣ್ಣಲ್ಲಿ ಹೂತಿದ್ದು, ಎರಚಿ ನೀರು ಬಿಟ್ಟದ್ದು. ಬಕೆಟ್ ಒಳಗೆ ಗಾಳಿಯಾಡದಿದ್ದರೆ ಅಂಕಿ ಕಡಿಮೆ ಬರುತ್ತದೆ, ಮೂರಕ್ಕೂ ಒಂದೇ ತರಹ ಕಡಿಮೆ ಬಂದರೆ ಹೋಲಿಕೆಗೆ ತೊಂದರೆಯಿಲ್ಲ ಎಂದುಕೊಂಡಿದ್ದೇನೆ. ಬಿಸಿಲಲ್ಲಿ ಬಕೆಟ್ ಒಳಗೆ ಕಾಯದಂತೆ ಏನು ಹೊದಿಸುತ್ತೀರಿ, ಈ ಕೆಲಸ ಮಾಡಿದವರು ಯಾರಾದರೂ ಇದ್ದರೆ ಹೇಳಿ. ಕಾಕಾ ಮೇಲುಗೊಬ್ಬರ ಕೊಡುವ ಮೊದಲು ಬಕೆಟ್ ಸಿದ್ಧವಾಗಿರಬೇಕು.