ಜೋಧ್‌ಪುರದ ಕೋಟೆ, ಕಮಾಯಿಚ, ಮತ್ತೆ ನಮ್ಮ ಮುತ್ತಜ್ಜನ ಹೆಸರು

ಅಂತೂ ಜೋಧ್‌ಪುರದ ಅಂತಾರಾಷ್ಟ್ರೀಯ ಜಾನಪದ ಉತ್ಸವಕ್ಕೆ ಹೋಗ್ಬಂದೆ ಕಣ್ರೀ. 2007ರಿಂದ ಮೆಹರಾನ್‌ಗಢ ಕೋಟೆಲಿ ನಡೀತಿದೆ, ಶರದ್ ಪೂರ್ಣಿಮೆ ನೋಡ್ಕೊಂಡು ಇಡ್ತಾರೆ, ನಮ್ಮ ಕಡೆ ಶೀಗಿ ಹುಣ್ಣಿಮೆ ಅಂತೀವಲ್ಲ, ಅದೇ. ಊರನ್ನ 1459ರಲ್ಲಿ ರಾವ್ ಜೋಧಾ ಕಟ್ಟಿಸಿದ್ದು, ಕೋಟೆ ನೋಡಿದ್ರೆ ಬಂಡೆಯೊಳಗಿಂದಲೇ ಎದ್ದು ನಿಂತಿರೋ ಹಾಗಿದೆ, ಆ ಏರು ಹತ್ತಿ ಅಂಗಳ ಸೇರೋಷ್ಟರಲ್ಲಿ ನನ್ನ ಮಂಡಿ ಕೈ ಕೊಡ್ತು, ಮಧ್ಯದಲ್ಲಿ ಒಂದು ಬಾಗಿಲ ಹತ್ರ ಫಿರಂಗಿ ಗುಂಡು ಬಡಿದ ಗುರುತು ನೋಡೋ ನೆಪದಲ್ಲಿ ಐದು ನಿಮಿಷ ಕೂತೆ.

ನಾನು ಹೋಗಿದ್ದೇ ಕಾಲ್ಬೇಲಿಯಾ ಕುಣಿತ ನೋಡೋಕೆ. ಕಪ್ಪು ಲಂಗ, ತುಂಬಾ ಕನ್ನಡಿ, ಗಿರಗಿರ ಸುತ್ತಿ ಸುತ್ತಿ ಹಿಂದಕ್ಕೆ ಬಾಗಿದ್ರೆ ತಲೆ ನೆಲ ಮುಟ್ಟುತ್ತೆ. ಈ ಕಾಲ್ಬೇಲಿಯಾ ಜನ ಹಾವಾಡಿಗರು, 1972ರ ವನ್ಯಜೀವಿ ಕಾನೂನು ಬಂದ್ಮೇಲೆ ಹಾವು ಇಟ್ಕೊಳ್ಳೋ ಹಾಗಿಲ್ಲ, ಆಮೇಲೆ ಕುಣಿತಾನೇ ಹೊಟ್ಟೆಪಾಡು, 2010ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರ್ತು. ಆದ್ರೆ ನನ್ನ ಮುಂದೆ ಕೂತಿದ್ದ ಮಹಾನುಭಾವ ಇಡೀ ಹೊತ್ತು ಫೋನ್ ಎತ್ತಿ ಹಿಡ್ಕೊಂಡಿದ್ದ, ನಾನು ಕುಣಿತ ಅರ್ಧ ಅವನ ಸ್ಕ್ರೀನಲ್ಲೇ ನೋಡಿದ್ದು. ರಾತ್ರಿ ಹೊರದೇಶದ ಡ್ರಮ್ಮು ಗಿಟಾರಿನ ಜೊತೆ ಅಲ್ಲಿನ ಲಂಗಾ ಅನ್ನೋ ಸಮುದಾಯದ ಗಾಯಕರು ಹಾಡಿದ್ರು, ಜನ ಎದ್ದು ಕುಣಿದ್ರು, ನನಗ್ಯಾಕೋ ಅಷ್ಟು ಹಿಡಿಸ್ಲಿಲ್ಲ.

ಹಿಡಿಸಿದ್ದು ಬೆಳಗಿನ ಜಾವದ್ದು. ಕೋಟೆ ಪಕ್ಕದಲ್ಲೇ ಜಸ್ವಂತ್ ಥಡಾ, ರಾಜನ ನೆನಪಿಗೆ ಕಟ್ಟಿಸಿದ ಬಿಳಿ ಅಮೃತಶಿಲೆಯ ಕಟ್ಟಡ. ಇನ್ನೂ ಕತ್ತಲು, ಎಲ್ಲರೂ ಶಾಲು ಹೊದ್ದು ನೆಲದ ಮೇಲೆ, ಒಬ್ಬ ಮುದುಕರು ಕಮಾಯಿಚ ಶ್ರುತಿ ಮಾಡ್ತಾ ಕೂತಿದ್ರು. ಮಾವಿನ ಮರದ ದುಂಡನೆ ಹೊಟ್ಟೆ, ಅದಕ್ಕೆ ಆಡಿನ ಚರ್ಮ ಬಿಗಿದಿರುತ್ತೆ, ಮುಖ್ಯ ತಂತಿಗಳು ಕರುಳಿಂದ ಮಾಡಿದ್ದು, ಕಮಾನು ಎಳೆದ್ರೆ ಪಿಟೀಲಿನ ಥರ ನಯ ಅಲ್ಲ, ಗಂಟಲು ಕಟ್ಟಿದ ಮನುಷ್ಯ ಹಾಡಿದ ಹಾಗೆ. ಪಕ್ಕದಲ್ಲಿ ಒಬ್ಬ ಹುಡುಗ ಖಡತಾಲ್ ಹಿಡಿದಿದ್ದ, ಕೈಗೆ ಎರಡೆರಡು ಮರದ ತುಂಡು, ಹರಿಕಥೆ ದಾಸರ ಚಿಟಿಕೆ ನೆನೆಸ್ಕೊಳ್ಳಿ, ಗೆಜ್ಜೆ ತೆಗೆದುಹಾಕಿ, ಆಮೇಲೆ ನಾಲ್ಕು ಪಟ್ಟು ಸ್ಪೀಡು ಮಾಡಿ. ಅವರು ಕೃಷ್ಣ ಹುಟ್ಟಿದ ಹಾಡು ಹಾಡ್ತಿರುವಾಗ ಸೂರ್ಯ ಬಂದ, ಕಲ್ಲು ಒಳಗಡೆಯಿಂದ ದೀಪ ಹಚ್ಚಿದ ಹಾಗೆ ಆಯ್ತು.

ಇವರು ಮಂಗಣಿಯಾರರು, ಮುಸ್ಲಿಮರು, ಬಾಡ್‌ಮೇರ್ ಜೈಸಲ್ಮೇರ್ ಕಡೆಯವರು. ಇವರನ್ನ ಸಾಕ್ತಾ ಬಂದಿರೋ ಮನೆತನಗಳು ಹೆಚ್ಚಾಗಿ ರಜಪೂತರದ್ದು. ಯಜಮಾನರ ಮನೇಲಿ ಮಗು ಹುಟ್ಟಿದ್ರೆ, ಮದುವೆ ಆದ್ರೆ ಹಾಡೋದು ಇವರ ಹಕ್ಕು, ಆ ಮನೆಯ ವಂಶಾವಳಿ ಹೇಳೋದೂ ಇವರೇ. ವೇದಿಕೆ ಇವರಿಗೆ ಹೊಸದು. ಕೋಮಲ್ ಕೊಠಾರಿ ಅನ್ನೋರು ಹಳ್ಳಿ ಹಳ್ಳಿ ಸುತ್ತಿ ಈ ಹಾಡುಗಳನ್ನ ರೆಕಾರ್ಡ್ ಮಾಡಿ, ಇವರನ್ನ ಹೊರಗಿನ ಜನಕ್ಕೆ ಪರಿಚಯಿಸದೇ ಇದ್ದಿದ್ರೆ ನಾನೆಲ್ಲಿ, ಈ ಕಮಾಯಿಚ ಎಲ್ಲಿ!

ಹಾಡು ಮುಗಿದ್ಮೇಲೆ ಆ ಮುದುಕರ ಹತ್ರ ಹೋಗಿ ನನ್ನ ಹರುಕು ಹಿಂದಿಲಿ ಚೆನ್ನಾಗಿತ್ತು ಬಾಬಾ ಅಂದೆ. ಎಷ್ಟು ತಲೆಮಾರು ನೆನಪಿರುತ್ತೆ ನಿಮಗೆ ಅಂತ ಕೇಳಿದ್ದಕ್ಕೆ ಅಲ್ಲೇ ಶುರು ಮಾಡಿದ್ರು, ಯಜಮಾನರ ಅಪ್ಪ, ಅವರಪ್ಪ, ಅವರಪ್ಪ, ನಾನು ಬೆರಳು ಮಡಚಿ ಎಣಿಸ್ತಾ ಹನ್ನೊಂದಕ್ಕೆ ಬಿಟ್ಟೆ. ಆಮೇಲೆ ನನ್ನನ್ನೇ ಕೇಳಿದ್ರು, ನಿನ್ನ ಮನೇದು ಹೇಳು ಬೇಟಾ ಅಂತ. ಅಪ್ಪ, ಅಜ್ಜ, ಅಷ್ಟೇ, ಮುಂದಕ್ಕೆ ಹೋಗ್ಲಿಲ್ಲ. ಹೊರಗೆ ಬಂದು ಅಮ್ಮಂಗೆ ಫೋನ್ ಮಾಡಿ ಅಜ್ಜನ ಅಪ್ಪನ ಹೆಸರೇನಮ್ಮ ಅಂದ್ರೆ, ಬೆಳಗ್ಗೆ ಏಳು ಗಂಟೆಗೆ ಇದೆಂಥದ್ದೋ ನಿಂದು, ನಿಮ್ಮಪ್ಪನ್ನ ಕೇಳು ಅಂದ್ಲು. ಅಪ್ಪ ಫೋನ್ ತಗೊಂಡು ಸ್ವಲ್ಪ ಹೊತ್ತು ಸುಮ್ನಿದ್ದು, ದೊಡ್ಡಪ್ಪಂಗೆ ಗೊತ್ತಿರ್ಬೇಕು ತಡಿ ಅಂದ್ರು.