ಬ್ಯಾಗ್ ಎಲ್ಲಿಡಬೇಕು?

ಊರಿಂದ ಅಕ್ಕ, ಅವಳ ಮಗ ಕೆನಡಾದ ಕ್ಯಾಲ್ಗರಿಗೆ, ನನ್ನ ಮನೆಗೆ ಬಂದಿದ್ದಾರೆ. ಶನಿವಾರ ಹುಡುಗನನ್ನು ಡೌನ್‌ಟೌನ್‌ನ ಸೆಂಟ್ರಲ್ ಲೈಬ್ರರಿಗೆ ಕರೆದುಕೊಂಡು ಹೋದೆ. 2018ರಲ್ಲಿ ತೆರೆದ ಕಟ್ಟಡ. ನಾರ್ವೆಯ ಸ್ನೋಹೆಟಾ ಮತ್ತು ಕೆನಡಾದ ಡಯಲಾಗ್ ಅನ್ನುವ ವಾಸ್ತುಶಿಲ್ಪ ಸಂಸ್ಥೆಗಳು ಸೇರಿ ವಿನ್ಯಾಸ ಮಾಡಿದ್ದು. ಆ ಜಾಗದಲ್ಲಿ ಸಿಟಿ ರೈಲಿನ ಹಳಿ ಬಿಲ್ಲಿನಂತೆ ಬಾಗಿ ಹೋಗುತ್ತದೆ. ಹಳಿ ಕೀಳಲಿಲ್ಲ, ಅದನ್ನು ಮುಚ್ಚಿ ಮೇಲೆ ಲೈಬ್ರರಿ ಎಬ್ಬಿಸಿದರು! ಹಾಗಾಗಿ ಮುಖ್ಯ ಬಾಗಿಲು ನೆಲದಿಂದ ಮೇಲಿದೆ. ಹತ್ತಿ ಹೋದರೆ ಸೀಡರ್ ಮರದ ದೊಡ್ಡ ಕಮಾನು. ಇಲ್ಲಿ ಚಳಿಗಾಲದಲ್ಲಿ ಬೆಚ್ಚಗಿನ ಚಿನೂಕ್ ಗಾಳಿ ಬೀಸಿದಾಗ ಮೋಡ ಹೀಗೇ ಕಮಾನು ಕಟ್ಟುತ್ತದೆ.

ನಾನು ಗೈಡ್ ಥರ ಇದನ್ನೆಲ್ಲ ಹೇಳುತ್ತಿದ್ದೆ. ಅವನು ಬಾಗಿಲ ಹತ್ತಿರ ನಿಂತು ಹೆಗಲಿಂದ ಬ್ಯಾಗ್ ಇಳಿಸಿದ. "ಮಾಮಾ, ಇದನ್ನ ಎಲ್ಲಿಡಬೇಕು?"

ಎಲ್ಲೂ ಇಡಬೇಕಾಗಿಲ್ಲ, ತಗೊಂಡೇ ಬಾ ಅಂದೆ. ನಂಬಲಿಲ್ಲ. ಟೋಕನ್ ಕೊಡುವವರು ಎಲ್ಲಿ ಅಂತ ಹುಡುಕಿದ.

ಒಳಗೆ ತಲೆಯೆತ್ತಿದರೆ ಮೊಟ್ಟೆಯಾಕಾರದ ಗಾಜಿನ ಚಾವಣಿ, ಬೆಳಕು ಕೆಳಗಿನವರೆಗೂ ಬರುತ್ತದೆ. ಕೆಳಗಿನ ಮಹಡಿಗಳಲ್ಲಿ ಮಕ್ಕಳ ಗಲಾಟೆ, ಮೇಲೆ ಹೋದಷ್ಟೂ ನಿಶ್ಶಬ್ದ. ತುದಿಯಲ್ಲಿ ಓದುವ ಕೋಣೆ. ಗದರುವವರೇ ಬೇಕಿಲ್ಲ, ಆ ಕೆಲಸ ಕಟ್ಟಡವೇ ಮಾಡುತ್ತದೆ. ಇದು ನನಗೆ ಕಮಾನಿಗಿಂತ ಜಾಸ್ತಿ ಇಷ್ಟ.

ಚೆಂದದ ಕಟ್ಟಡಕ್ಕೆ ನಮ್ಮಲ್ಲೇನು ಬರ? ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಕೇಂದ್ರ ಗ್ರಂಥಾಲಯ ಇರುವ ಶೇಷಾದ್ರಿ ಅಯ್ಯರ್ ಹಾಲ್ ನೋಡಿ. 1915ರದ್ದು, ಆ ಕೆಂಪು ಬಣ್ಣ ಮರಗಳ ನಡುವೆ ಈಗಲೂ ಎಷ್ಟು ಚೆನ್ನಾಗಿ ಕಾಣುತ್ತದೆ. ದುಡ್ಡಿಗೂ ದಾರಿ ಇದೆ. 1965ರ ಗ್ರಂಥಾಲಯ ಕಾಯ್ದೆಯಿಂದಾಗಿ ಮನೆ ಕಂದಾಯದ ಜೊತೆ ಗ್ರಂಥಾಲಯ ಸೆಸ್ ಕೂಡ ಕಟ್ಟುತ್ತೇವೆ, ಶೇಕಡಾ 6. ಆದರೂ ನಾನು ಓದಿದ ಊರಲ್ಲಿ ಒಳ್ಳೆ ಪುಸ್ತಕಗಳೆಲ್ಲ ಗಾಜಿನ ಬೀರುವಿನಲ್ಲಿ, ಬೀಗದ ಹಿಂದೆ. ಬೆನ್ನು ಮೇಲಿನ ಹೆಸರು ಓದಿಕೊಂಡೇ ವಾಪಸ್ ಬಂದಿದ್ದೆಷ್ಟೋ ಸಲ. ಲೈಬ್ರರಿಯವರದೇ ತಪ್ಪು ಅನ್ನಲಾರೆ. ಪುಸ್ತಕ ಕಳೆದರೆ ಲೆಕ್ಕ ಕೊಡಬೇಕಾದವರು ಅವರೇ ತಾನೇ? ಬೀಗ ಹಾಕದೆ ಇನ್ನೇನು ಮಾಡ್ತಾರೆ.

ರಾತ್ರಿ ಅಕ್ಕನಿಗೆ ಹೇಳಿದರೆ ತಿರುಗಿಬಿದ್ದಳು. "ನೀನು ಊರು ಬಿಟ್ಟ ಕಾಲದಲ್ಲೇ ನಿಂತಿದ್ದೀಯ. ಪಂಚಾಯಿತಿ ಲೈಬ್ರರಿ ಈಗ ಅರಿವು ಕೇಂದ್ರ ಆಗಿದೆ, ಮಕ್ಕಳಿಗೆ ಸದಸ್ಯತ್ವ ಉಚಿತ. ಇವನ ಹತ್ರಾನೂ ಕಾರ್ಡ್ ಇದೆ."

ಒಳ್ಳೇದೇ, ಖುಷಿಯಾಯ್ತು. ಎಷ್ಟು ದೊಡ್ಡದು ಅಂದೆ. ಒಂದೇ ಕೋಣೆಯಂತೆ. ಈ ವರ್ಷದ ಕಂದಾಯದ ರಸೀದಿ ಫೋಟೋ ತೆಗೆದು ಕಳಿಸು ಅಂದಿದ್ದೇನೆ, ಸೆಸ್ ಎಷ್ಟು ಹಿಡಿದಿದ್ದಾರೆ ನೋಡೋಣ.